ಹಲ್ಕ್ ಯಾಕೆ ಹಸಿರಾದ: ಹಳೇ ಕಾಮಿಕ್ಸು, ಹೊಸ ಪೇಪರು

(ಹೋದ ತಿಂಗಳು ನಮ್ಮ ಬಡಾವಣೆ ಲೈಬ್ರರಿಯ ಮೇಲಿನ ಹಾಲ್‌ನಲ್ಲಿ ಒಂದು ಸಂಜೆ ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆಗಿತ್ತು, ಕೇಳ್ತಾ ಕೇಳ್ತಾ ಟೈಪ್ ಮಾಡಿದೀನಿ. ಮಧ್ಯೆ ಕರೆಂಟ್ ಹೋಗಿ ಹತ್ತು ನಿಮಿಷ ಹರಟೆ ಹೊಡೆದಿದ್ದನ್ನ ಬಿಟ್ಟಿದೀನಿ, ಉಳಿದಿದ್ದು ಹೆಚ್ಚು ಕಮ್ಮಿ ಮಾತಾಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಕಾಮಿಕ್ಸ್ ಪಂಡಿತ ಅಲ್ಲ, ಪ್ರೆಸ್‌ನೋನು. ಇಪ್ಪತ್ತೆರಡು ವರ್ಷ ಪ್ಲೇಟು, ಫಿಲ್ಮು, ಲಗ್ನಪತ್ರಿಕೆ, ಕ್ಯಾಲೆಂಡರು, ಶಾಲೆ ಮ್ಯಾಗಜಿನ್ನು ಅಂತ ಕಳೆದವನು. ಕಾಮಿಕ್ಸ್ ಓದೋದು ಚಿಕ್ಕಂದಿನ ಚಟ, ದುಡಿಯೋಕೆ ಶುರು ಮಾಡಿದ ಮೇಲೆ ದುಡ್ಡು ಹಾಳು ಮಾಡೋ ಚಟ ಆಯ್ತು. ಹಾಗಾಗಿ ಸೂಪರ್‌ಮ್ಯಾನ್ ಜಾಸ್ತಿ ಸ್ಟ್ರಾಂಗಾ ಹಲ್ಕ್ ಜಾಸ್ತಿ ಸ್ಟ್ರಾಂಗಾ ಅಂತ ನನ್ನ ಕೇಳ್ಬೇಡಿ. ಯಾವ ಪೇಪರ್ ಮೇಲೆ ಹೊಡೆದಿದಾರೆ, ಇಂಕ್ ಹೆಂಗೆ ಕೂತಿದೆ ಅಂತ ಕೇಳಿ, ರಾತ್ರಿ ಊಟದವರೆಗೂ ಹೇಳ್ತೀನಿ.

ಮೂರು ಪುಸ್ತಕ ತಂದಿದೀನಿ, ಈ ಕಡೆಯಿಂದ ಕೈ ದಾಟಿಸ್ತಾ ಹೋಗಿ. ಒಂದು ಗಟ್ಟಿ ರಟ್ಟಿನ ಮಾರ್ವೆಲ್ ಮಾಸ್ಟರ್‌ವರ್ಕ್ಸ್, ಅಂದ್ರೆ ಮಾರ್ವೆಲ್ ಕಂಪನಿಯ ಹಳೇ ಸಂಚಿಕೆಗಳ ಸಂಪುಟ, ಒಂದು ಹತ್ತಾರು ಸಂಚಿಕೆ ಒಟ್ಟಿಗೆ ಕಟ್ಟಿದ ಇಟ್ಟಿಗೆ ಥರ ಇರೋ ಆಮ್ನಿಬಸ್ಸು, ಅದನ್ನ ಎರಡೂ ಕೈಲಿ ಹಿಡ್ಕೊಳ್ಳಿ, ಇನ್ನೊಂದು ತೆಳ್ಳಗಿರೋದು ಫ್ಯಾಕ್ಸಿಮಿಲಿ ಎಡಿಷನ್ ಅಂತ, ಒಂದು ಹಳೇ ಸಂಚಿಕೆಯ ಯಥಾಪ್ರತಿ. ಬೆರಳಿಗೆ ಎಣ್ಣೆ ಇದ್ರೆ ಒರೆಸ್ಕೊಂಡು ಮುಟ್ಟಿ, ಇವರು ಈಗಷ್ಟೇ ಬಜ್ಜಿ ಕೊಟ್ಟಿದಾರೆ, ಅದಕ್ಕೇ ಹೇಳಿದ್ದು.

ಹಲ್ಕ್‌ನಿಂದ ಶುರು ಮಾಡೋಣ. ಹಲ್ಕ್ ಅಂದ್ರೆ ಹಸಿರು, ಮಕ್ಕಳಿಗೂ ಗೊತ್ತು. ಆದ್ರೆ 1962ರಲ್ಲಿ ಮೊದಲ ಸಂಚಿಕೆ ಬಂದಾಗ ಅವನು ಹಸಿರಲ್ಲ, ಬೂದು. ಕಥೆ ಬರೆದ ಸ್ಟ್ಯಾನ್ ಲೀಗೆ ಬೂದು ಬಣ್ಣ ಬೇಕಾಗಿತ್ತು, ಯಾವ ಜಾತಿ ಜನಾಂಗಾನೂ ಅಲ್ಲದ ಒಂದು ಬಣ್ಣ, ನೋಡಿದ್ರೆ ಮೈ ಜುಮ್ ಅನ್ನಬೇಕು ಅಂತ. ಬಣ್ಣ ಹಾಕೋ ಸ್ಟ್ಯಾನ್ ಗೋಲ್ಡ್‌ಬರ್ಗ್‌ಗೆ ಅದು ತಲೆನೋವಾಯ್ತು, ಪ್ರಿಂಟ್ ಆಗಿ ಬಂದಾಗ ಒಂದು ಪುಟದಲ್ಲಿ ತಿಳಿ ಬೂದು, ಇನ್ನೊಂದರಲ್ಲಿ ಹೆಚ್ಚು ಕಮ್ಮಿ ಕಪ್ಪು, ಕೆಲವು ಕಡೆ ಹಸಿರು ಹೊಡೀತಿತ್ತು. ಲೀ ನೋಡಿದ, ಎರಡನೇ ಸಂಚಿಕೆಯಿಂದ ಹಸಿರೇ ಮಾಡ್ಬಿಡಿ ಅಂದ. ಅಷ್ಟೇ ಕಥೆ. ಪ್ರಪಂಚದಲ್ಲಿ ಎಲ್ಲರಿಗೂ ಗೊತ್ತಿರೋ ಒಂದು ಬಣ್ಣ ಪ್ರಿಂಟಿಂಗ್ ಮಿಷನ್ನು ಮಾತು ಕೇಳ್ಲಿಲ್ಲ ಅಂತ ಹುಟ್ಟಿದ್ದು.

ಯಾಕೆ ಕೇಳ್ಲಿಲ್ಲ ಅಂದ್ರೆ, ನಮ್ಮ ಪ್ರೆಸ್‌ನೋರಿಗೆ ಇದು ತಕ್ಷಣ ಗೊತ್ತಾಗುತ್ತೆ. ಇವತ್ತು ಬೂದು ಬೇಕಂದ್ರೆ ಕಪ್ಪನ್ನೇ 40 ಪರ್ಸೆಂಟ್ ಕೊಡ್ತೀವಿ, ಮುಗೀತು. ಆ ಕಾಲದ ಕಾಮಿಕ್ಸ್‌ನಲ್ಲಿ ಕಪ್ಪು ಅಂದ್ರೆ ಗೆರೆಗೆ ಮತ್ತೆ ಅಕ್ಷರಕ್ಕೆ ಮಾತ್ರ, ಅದನ್ನ ತೆಳು ಮಾಡೋ ವ್ಯವಸ್ಥೆ ಇರ್ಲಿಲ್ಲ. ಬೂದು ಬೇಕು ಅಂದ್ರೆ ಹಳದಿ, ಕೆಂಪು, ನೀಲಿ ಮೂರನ್ನೂ ಸ್ವಲ್ಪ ಸ್ವಲ್ಪ ಸೇರಿಸಿ ಬರಿಸ್ಬೇಕು. ಮೂರರಲ್ಲಿ ಒಂದು ಇಂಕ್ ಚೂರು ಹೆಚ್ಚು ಕಮ್ಮಿ ಆದ್ರೂ ತಕ್ಕಡಿ ವಾಲಿದ ಹಾಗೆ, ಕೆಂಪು ಕಮ್ಮಿ ಬಿತ್ತು ಅಂದ್ರೆ ಉಳಿಯೋದು ಹಳದಿ ಮತ್ತೆ ನೀಲಿ, ಎರಡೂ ಸೇರಿದ್ರೆ ಏನಾಗುತ್ತೆ? ಹಾಂ, ಹಸಿರು! ಅಂದ್ರೆ ಲೀ ತೀರ್ಮಾನ ಮಾಡೋಕೆ ಮುಂಚೇನೇ ಮಿಷನ್ ತೀರ್ಮಾನ ಮಾಡಿತ್ತು ಅಂತ ನನ್ನ ಅನಿಸಿಕೆ.

ಇನ್ನೂ ತಮಾಷೆ ಮುಂದಿದೆ. ಆಮೇಲೆ ಹೆಚ್ಚು ಕಮ್ಮಿ ಇಪ್ಪತ್ತು ವರ್ಷ ಆ ಮೊದಲ ಕಥೇನ ರೀಪ್ರಿಂಟ್ ಮಾಡಿದಾಗೆಲ್ಲ ಸಾಮಾನ್ಯವಾಗಿ ಹಸಿರು ಬಳಿದೇ ಮಾಡ್ತಿದ್ರು, ಮೊದಲಿಂದ್ಲೂ ಹಸಿರೇ ಇದ್ದ ಅನ್ನೋ ಹಾಗೆ. ಎಂಬತ್ತರ ದಶಕದಲ್ಲೇ ಮತ್ತೆ ಬೂದು ಒಪ್ಕೊಂಡಿದ್ದು. ಹಾಗಾದ್ರೆ ಮೂಲ ಯಾವುದು? ಲೀ ಮನಸಲ್ಲಿದ್ದ ಬೂದಾ, ಪ್ರಿಂಟಲ್ಲಿ ಬಂದ ಕಲಸುಮೇಲೋಗರಾನಾ, ಓದುಗರಿಗೆ ನೆನಪಿರೋ ಹಸಿರಾ? ಹಳೇ ಕಾಮಿಕ್ಸನ್ನ ಗಟ್ಟಿ ರಟ್ಟು ಹಾಕಿ ಮತ್ತೆ ಪ್ರಿಂಟ್ ಮಾಡೋ ಪ್ರತಿಯೊಬ್ಬರೂ ಪ್ರತಿ ಪುಟದಲ್ಲೂ ಈ ಪ್ರಶ್ನೆಗೆ ಉತ್ತರ ಕೊಡ್ತಾ ಹೋಗ್ಬೇಕು, ಬಹಳಷ್ಟು ಜನ ಪ್ರಶ್ನೆ ಇದೆ ಅಂತಾನೂ ಅಂದ್ಕೊಳ್ಳಲ್ಲ.

ಈಗ ಸ್ವಲ್ಪ ಟೆಕ್ನಿಕಲ್ಲು, ಬೋರ್ ಆದ್ರೆ ಬಜ್ಜಿ ತಿನ್ನಿ. ಆ ಕಾಲದಲ್ಲಿ ಕಲಾವಿದ ಕಪ್ಪು ಗೆರೆಯಲ್ಲಿ ಚಿತ್ರ ಬರೆದು ಕೊಡ್ತಿದ್ದ, ಅದೂ ದೊಡ್ಡ ಹಾಳೆ ಮೇಲೆ, ಪ್ರಿಂಟ್ ಆಗೋ ಸೈಜಿನ ಹೆಚ್ಚು ಕಮ್ಮಿ ಎರಡರಷ್ಟು. 1967ರ ಸುಮಾರಿಗೆ ಆ ಹಾಳೆ ಚಿಕ್ಕದಾಯ್ತು. ಬಣ್ಣ ಹಾಕೋನು ಆ ಚಿತ್ರದ ಒಂದು ಕಾಪಿ ಮೇಲೆ ಡೈಯಲ್ಲಿ ಬಣ್ಣ ಬಳಿದು ಪಕ್ಕದಲ್ಲಿ ಕೋಡ್ ಬರೀತಿದ್ದ. ವೈ ಅಂದ್ರೆ ಹಳದಿ, ಆರ್ ಅಂದ್ರೆ ಕೆಂಪು, ಬಿ ಅಂದ್ರೆ ನೀಲಿ, ಪಕ್ಕದಲ್ಲಿ 2 ಇದ್ರೆ 25 ಪರ್ಸೆಂಟು, 3 ಇದ್ರೆ 50, ಏನೂ ಇಲ್ಲ ಅಂದ್ರೆ ಪೂರ್ತಿ. ವೈ2 ಆರ್2 ಅಂದ್ರೆ ಬಿಳಿಯರ ಮೈಬಣ್ಣ. ಒಂದೊಂದು ಇಂಕಿಗೂ ನಾಲ್ಕು ಸ್ಥಿತಿ, ಸೊನ್ನೆ, 25, 50, 100, ಮೂರು ಇಂಕು, ನಾಲ್ಕು ನಾಲ್ಕಲಿ ಹದಿನಾರು, ಹದಿನಾರು ನಾಲ್ಕಲಿ 64. ಅಷ್ಟೇ, 64 ಬಣ್ಣದಲ್ಲಿ ಇಡೀ ಬ್ರಹ್ಮಾಂಡ, ಗ್ರಹ ನುಂಗೋ ಗ್ಯಾಲಕ್ಟಸ್ಸು ಗೀಲಕ್ಟಸ್ಸು ಎಲ್ಲ.

ಈ ಕೋಡ್ ಇರೋ ಹಾಳೆ ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್ ಅನ್ನೋ ಊರಿಗೆ ಹೋಗ್ತಿತ್ತು. ಅಲ್ಲಿ ಹೆಂಗಸರು ಸಾಲಾಗಿ ಕೂತು ಒಂದೊಂದು ಪುಟಕ್ಕೂ ಪಾರದರ್ಶಕ ಶೀಟಿನ ಮೇಲೆ ಕೈಯಲ್ಲಿ ಬಣ್ಣ ಬೇರ್ಪಡಿಸ್ತಿದ್ರು, ಮೂರು ಇಂಕು ಮೂರು ಹಂತ ಅಂದ್ರೆ ಪುಟಕ್ಕೆ ಒಂಬತ್ತು ಶೀಟು. ಲೀ, ಚಿತ್ರ ಬರೆದ ಕರ್ಬಿ, ಡಿಟ್ಕೊ ಅಂತ ನಾವು ಹೆಸರು ಹೇಳ್ತೀವಲ್ಲ, ಈ ಹೆಂಗಸರ ಹೆಸರು ಯಾವ ಪುಸ್ತಕದ ಕ್ರೆಡಿಟ್‌ನಲ್ಲೂ ನಾನು ನೋಡಿಲ್ಲ. ಆಮೇಲೆ ಇಲಿನಾಯ್ ರಾಜ್ಯದ ಸ್ಪಾರ್ಟಾದಲ್ಲಿದ್ದ ವರ್ಲ್ಡ್ ಕಲರ್ ಪ್ರೆಸ್ಸಿನ ರೋಟರಿ ಮಿಷನ್ನು. ಅಮೆರಿಕದ ಬಹುಪಾಲು ಕಾಮಿಕ್ಸ್ ದಶಕಗಟ್ಟಲೆ ಅಲ್ಲೇ ಅಚ್ಚಾಗ್ತಿತ್ತು. ಲೆಟರ್‌ಪ್ರೆಸ್ಸು, ಅಂದ್ರೆ ಉಬ್ಬು ಅಚ್ಚನ್ನ ಕಾಗದಕ್ಕೆ ಒತ್ತೋದು, ಕಾಗದ ನ್ಯೂಸ್‌ಪ್ರಿಂಟು, ಅದರಲ್ಲೂ ಅಗ್ಗದ್ದು. ಬೆಲೆ 12 ಸೆಂಟು, ಓದಿ ಬಿಸಾಕೋ ಮಾಲು.

ನ್ಯೂಸ್‌ಪ್ರಿಂಟ್ ಇಂಕ್ ಕುಡಿಯುತ್ತೆ. ನಿಮ್ಮ ಹೀರೋ ಪೆನ್ನಲ್ಲಿ ಪೇಪರ್ ಮೂಲೆಗೆ ಒಂದು ಚುಕ್ಕೆ ಇಡಿ, ಹರಡ್ಕೊಳ್ಳುತ್ತೆ, ಅದೇ ಚುಕ್ಕೆ ಕ್ಯಾಲೆಂಡರ್ ಹಿಂಬದಿಗೆ ಇಡಿ, ಹಂಗೇ ಕೂರುತ್ತೆ. ನಾವು ಪ್ರೆಸ್ಸಲ್ಲಿ ಇದಕ್ಕೆ ಡಾಟ್ ಗೇನ್ ಅಂತೀವಿ. ನ್ಯೂಸ್‌ಪ್ರಿಂಟ್ ಮೇಲೆ 50 ಕೊಟ್ರೆ ಕಣ್ಣಿಗೆ 70 ದಾಟಿದ ಹಾಗೆ ಕಾಣುತ್ತೆ. ಕಾಗದವೇ ಬೇರೆ ಮಾಸಲು, ಸ್ವಲ್ಪ ಹಳದಿ ಸ್ವಲ್ಪ ಬೂದು. ಅಂದ್ರೆ ಪ್ರತಿ ಬಣ್ಣದ ಕೆಳಗೂ ಕಾಗದದ ಬಣ್ಣ ಸೇರ್ಕೊಂಡಿದೆ. ಬಣ್ಣ ಹಾಕೋರಿಗೆ ಇದು ಗೊತ್ತಿತ್ತು, ಕಾಗದ ಮಂಕು ಮಾಡುತ್ತೆ ಅಂತ ಲೆಕ್ಕ ಇಟ್ಕೊಂಡೇ ಚುರುಕು ಬಣ್ಣ ಕೊಡ್ತಿದ್ರು. ಕಾಗದಾನೂ ಒಂದು ಬಣ್ಣ ಕಣ್ರೀ, 64ರ ಜೊತೆ 65ನೇದು. ನಾನು ಇವತ್ತು ಹೇಳೋಕೆ ಬಂದಿರೋದೇ ಇದು.

1987ರಲ್ಲಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್ ಶುರು ಮಾಡ್ತು, ಮೊದಲ ಸಂಪುಟ ಸ್ಪೈಡರ್‌ಮ್ಯಾನ್, ಅಮೇಜಿಂಗ್ ಫ್ಯಾಂಟಸಿ 15ನೇ ಸಂಚಿಕೆ ಜೊತೆಗೆ ಅವನ ಸ್ವಂತ ಪತ್ರಿಕೆಯ ಮೊದಲ ಹತ್ತು. 1989ರಲ್ಲಿ ಎದುರಾಳಿ ಕಂಪನಿ ಡಿಸಿಯವರು ಸೂಪರ್‌ಮ್ಯಾನ್‌ನಿಂದ ಆರ್ಕೈವ್ ಎಡಿಷನ್ಸ್ ಶುರು ಮಾಡಿದ್ರು. ಒಳ್ಳೆ ಉದ್ದೇಶ, ಅದರಲ್ಲಿ ಎರಡು ಮಾತಿಲ್ಲ, ಅಲ್ಲಿವರೆಗೆ ಚೂರುಪಾರು ರೀಪ್ರಿಂಟ್ ಬಿಟ್ರೆ ಹಳೇದು ಓದಬೇಕಂದ್ರೆ ಸಾವಿರಾರು ಡಾಲರ್ ಕೊಟ್ಟು ಹಳೇ ಪ್ರತಿ ಹುಡುಕಬೇಕಿತ್ತು. ಆದ್ರೆ ಮರ್ಯಾದೆ ಕೊಡೋದು ಅಂದ್ರೆ ದುಬಾರಿ ಪೇಪರ್ ಹಾಕೋದು ಅಂದ್ಕೊಂಡ್ರು. ಬಿಳಿ, ದಪ್ಪ, ಹೊಳೆಯೋ ಪೇಪರು. ಅದರ ಮೇಲೆ ಅದೇ ಹಳೇ ಕೋಡ್ ಪ್ರಕಾರ 100 ಕೆಂಪು 100 ಹಳದಿ ಬಿದ್ದಾಗ ಹೆಂಗಾಯ್ತು ಅಂದ್ರೆ, ಮದುವೆ ಮನೆಯಲ್ಲಿ ಎಲ್ಲರೂ ಏಕಕಾಲಕ್ಕೆ ಮೈಕ್ ಹಿಡ್ಕೊಂಡ ಹಾಗೆ. ವೈ2 ಆರ್2 ಮೈಬಣ್ಣ ಪ್ಲಾಸ್ಟಿಕ್ ಗೊಂಬೆಯ ಗುಲಾಬಿ ಆಯ್ತು. ಯಾರೂ ಕೋಡ್ ತಪ್ಪು ಓದಿರ್ಲಿಲ್ಲ, ಕೋಡ್ ಸರಿಯಾಗೇ ಇತ್ತು, 65ನೇ ಬಣ್ಣ ಬದಲಾಗಿತ್ತು.

ನಮ್ಮಲ್ಲೂ ದಿನಾ ನಡೆಯೋ ಜಗಳ ಇದು. ಗಿರಾಕಿ ಹೊಳಪಿಲ್ಲದ ಮ್ಯಾಪ್ಲಿಥೋ ಪೇಪರ್ ಮೇಲೆ ಸ್ಯಾಂಪಲ್ ಒಪ್ಪಿರ್ತಾರೆ, ಆಮೇಲೆ ಹೊಳೆಯೋ ಆರ್ಟ್ ಪೇಪರ್‌ಗೆ ಹಾಕಿ ಅಂತಾರೆ, ಪ್ರಿಂಟ್ ಬಂದ್ಮೇಲೆ ಗಣಪತಿ ಯಾಕ್ರೀ ಇಷ್ಟು ಕೆಂಪಗಿದಾನೆ ಅಂತ ಬೈತಾರೆ.

ಬಣ್ಣದ ಕಥೆ ಹಿಂಗಾದ್ರೆ ಗೆರೆಯ ಕಥೆ ಇನ್ನೂ ಕಷ್ಟ. ಬಣ್ಣ ಹೆಂಗೋ ಮತ್ತೆ ಹಾಕಬಹುದು, ಗೆರೆ ಎಲ್ಲಿಂದ ತರ್ತೀರಾ? ಮೂಲ ಹಾಳೆಗಳು ಬಹಳಷ್ಟು ಇಲ್ಲ. ಕೆಲವು ಕಳುವಾದ್ವು, ಕೆಲವು ಕಸಕ್ಕೆ ಹೋದ್ವು, ಕೆಲವು ಹಂಚಿಹೋದ್ವು, ಕಲಾವಿದರಿಗೆ ವಾಪಸ್ ಕೊಡೋ ಪದ್ಧತಿ ಶುರುವಾಗಿದ್ದೇ ಎಪ್ಪತ್ತರ ದಶಕದಲ್ಲಿ. ಜ್ಯಾಕ್ ಕರ್ಬಿ ತನ್ನದೇ ಹಾಳೆಗಳಿಗೋಸ್ಕರ ಎಂಬತ್ತರ ದಶಕದಲ್ಲಿ ವರ್ಷಗಟ್ಟಲೆ ಜಗಳ ಆಡಬೇಕಾಯ್ತು, ಕೊನೆಗೆ 1987ರಲ್ಲಿ ಸಿಕ್ಕಿದ್ದು ಒಂದು ಭಾಗ ಮಾತ್ರ. ಅದೃಷ್ಟಕ್ಕೆ ಉಳಿದದ್ದೂ ಇದೆ, ಸ್ಪೈಡರ್‌ಮ್ಯಾನ್ ಹುಟ್ಟಿದ ಅಮೇಜಿಂಗ್ ಫ್ಯಾಂಟಸಿ 15ರ ಡಿಟ್ಕೊ ಬರೆದ 24 ಹಾಳೆಗಳನ್ನ ಯಾರೋ ಪುಣ್ಯಾತ್ಮರು ಹೆಸರು ಹೇಳದೆ 2008ರಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಬಿಟ್ರು. ಮಾರಿದ್ರೆ ಎಷ್ಟು ಬರ್ತಿತ್ತು ಯೋಚನೆ ಮಾಡಿ!

ಹಾಳೆ ಇಲ್ಲ, ಅಚ್ಚಿಗೆ ಅಂತ ತೆಗೆದ ಫಿಲ್ಮೂ ಇಲ್ಲ, ಇರೋದು ಹಳದಿಗಟ್ಟಿದ ಒಂದು ಹಳೇ ಸಂಚಿಕೆ ಮಾತ್ರ ಅಂದಾಗ ಏನು ಮಾಡೋದು? ಒಂದು ದಾರಿ, ಅದರ ಮೇಲೆ ಹಾಳೆ ಇಟ್ಟು ಕೈಯಲ್ಲಿ ತಿದ್ದೋದು. ಮೊದಮೊದಲ ಸಂಪುಟಗಳಲ್ಲಿ ಇದನ್ನ ಬೇಕಾದಷ್ಟು ಮಾಡಿದಾರೆ, ಡಿಟ್ಕೊನ ಕೂದಲೆಳೆ ಗೆರೆ ಇರೋ ಕಡೆ ಯಾರೋ ಸ್ಕೆಚ್ ಪೆನ್ನಲ್ಲಿ ಎಳೆದ ಹಾಗೆ ದಪ್ಪ ಗೆರೆ ಕಾಣುತ್ತೆ. ಇನ್ನೊಂದು ದಾರಿ ಗ್ರೆಗ್ ಥಿಯಕ್‌ಸ್ಟನ್ ಅನ್ನೋರು ಕಂಡುಹಿಡಿದಿದ್ದು, ಹಳೇ ಸಂಚಿಕೆಯ ಪುಟ ಬಿಚ್ಚಿ ಕೆಮಿಕಲ್‌ನಲ್ಲಿ ಬಣ್ಣಾನೆಲ್ಲ ಬ್ಲೀಚ್ ಮಾಡೋದು, ಹಳದಿ ಕೆಂಪು ನೀಲಿ ಹೋಗಿ ಕಪ್ಪು ಗೆರೆ ಮಾತ್ರ ಉಳಿಯುತ್ತೆ, ಅದನ್ನ ಫೋಟೋ ತೆಗೆದು ಹೊಸದಾಗಿ ಬಣ್ಣ ಹಾಕೋದು. ಡಿಸಿ ಆರ್ಕೈವ್ಸ್‌ಗೆ ಇದನ್ನ ಬಳಸಿದಾರೆ. ಒಂದು ಪ್ರತಿ ಬದುಕಬೇಕು ಅಂದ್ರೆ ಇನ್ನೊಂದು ಹಳೇ ಪ್ರತಿ ಸಾಯಬೇಕು. ಇದನ್ನ ಮೊದಲ ಸಲ ಓದಿದಾಗ ನಂಗೆ ಹೊಟ್ಟೆ ಚುರ್ ಅಂತು.

ಸುಮ್ನೆ ಸ್ಕ್ಯಾನ್ ಮಾಡಿ ಹೊಡೀಬಹುದಲ್ವಾ ಅಂತ ಮುಂದಿನ ಸಾಲಲ್ಲಿ ಯಾರೋ ಕೇಳಿದ್ರು. ಮಾಡಬಹುದು. ಆದ್ರೆ ಹಳೇ ಪುಟದಲ್ಲಿ ಆಗಲೇ ಚುಕ್ಕೆ ಇದೆ, ನಮ್ಮ ಪ್ರಿಂಟಿಂಗೂ ಚುಕ್ಕೇಲೇ ಆಗೋದು. ಸೊಳ್ಳೆಪರದೆ ಎರಡು ಮಡಿಕೆ ಮಾಡಿ ಬೆಳಕಿಗೆ ಹಿಡಿದ್ರೆ ಅಲೆ ಅಲೆ ಥರ ಕಾಣುತ್ತಲ್ಲ, ಅದೇ ಆಗುತ್ತೆ, ಮೊಯ್ರೆ ಅಂತೀವಿ. ಸೂಪರ್‌ಮ್ಯಾನ್ ಮುಖದ ಮೇಲೆ ರೇಷ್ಮೆ ಸೀರೆ ಹೊಳಪು ಬಂದ ಹಾಗೆ. ಈಗ ಒಳ್ಳೆ ರೆಸಲ್ಯೂಷನ್ ಸ್ಕ್ಯಾನರ್ ಬಂದ್ಮೇಲೆ ಅದನ್ನ ತಪ್ಪಿಸೋದು ಸುಲಭ ಆಗಿದೆ, ಅದಕ್ಕೇ ಆ ದಾರಿ ಹಿಡಿದವರೂ ಇದಾರೆ. ಟ್ಯಾಶನ್ ಅನ್ನೋ ಜರ್ಮನ್ ಪ್ರಕಾಶಕರು ಕೆಲವು ವರ್ಷದ ಹಿಂದೆ ಮಾರ್ವೆಲ್ ಪುಸ್ತಕಗಳನ್ನ ಶುರು ಮಾಡಿದ್ರು, ಹಳೇ ಸಂಚಿಕೆಗಳನ್ನೇ ಫೋಟೋ ತೆಗೆದು, ಚುಕ್ಕೆ ಚುಕ್ಕೆಯಾಗೇ ಉಳಿಸಿ, ಹೊಳಪಿಲ್ಲದ ಕಾಗದದ ಮೇಲೆ, ಸುಮಾರು 28 ಸೆಂಟಿಮೀಟರ್ ಅಗಲ 40 ಎತ್ತರ. ಊಟದ ಟೇಬಲ್ ಮೇಲೆ ಮಾತ್ರ ಓದಬಹುದು, ನನ್ನ ಹತ್ರ ಇಲ್ಲ, ಬೆಲೆ ನೋಡಿ ಮುಚ್ಚಿಟ್ಟೆ.

ಇದಕ್ಕೆ ಪೂರ್ತಿ ಉಲ್ಟಾ ದಾರಿ ಅಂದ್ರೆ ಐಡಿಡಬ್ಲ್ಯೂ ಅನ್ನೋ ಅಮೆರಿಕದ ಪ್ರಕಾಶಕರ ಆರ್ಟಿಸ್ಟ್ಸ್ ಎಡಿಷನ್, 2010ರಲ್ಲಿ ಡೇವ್ ಸ್ಟೀವನ್ಸ್‌ನ ರಾಕೆಟೀರ್ ಕಾಮಿಕ್ಸ್‌ನಿಂದ ಶುರುವಾಗಿದ್ದು. ಇಲ್ಲಿ ಅಚ್ಚಾದ ಕಾಮಿಕ್ಸ್ ಬೇಡವೇ ಬೇಡ, ಕಲಾವಿದನ ಹಾಳೆಯನ್ನೇ ಅದೇ ಸೈಜಲ್ಲಿ, ಚಿತ್ರ ಕಪ್ಪು ಬಿಳುಪಾದ್ರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡ್ತಾರೆ. ಪೆನ್ಸಿಲ್ ಗುರುತು, ವೈಟ್ನರ್ ಹಚ್ಚಿದ್ದು, ಅಕ್ಷರದ ಚೀಟಿ ಅಂಟಿಸಿದ್ದು ಎಲ್ಲ ಕಾಣುತ್ತೆ. ಒಂದರಲ್ಲಿ ಓದುಗನ ಕೈಗೆ ಸಿಕ್ಕಿದ್ದು ಮೂಲ, ಇನ್ನೊಂದರಲ್ಲಿ ಕಲಾವಿದನ ಕೈಯಿಂದ ಹೋಗಿದ್ದು ಮೂಲ. ಎರಡೂ ನಂಗೆ ಒಪ್ಪಿಗೆ, ಯಾಕಂದ್ರೆ ಎರಡೂ ಯಾವ ಮೂಲ ಅಂತ ಮೊದಲು ತೀರ್ಮಾನ ಮಾಡಿ ಆಮೇಲೆ ಕಾಗದ ಆರಿಸಿದಾವೆ.

ಬಡವರ ದಾರಿ ಒಂದಿತ್ತು. 1996ರಿಂದ ಮಾರ್ವೆಲ್‌ನ ಎಸೆನ್ಷಿಯಲ್ ಅನ್ನೋ ಅಗ್ಗದ ಸಂಪುಟಗಳು, 2005ರಿಂದ ಡಿಸಿಯ ಶೋಕೇಸ್ ಪ್ರೆಸೆಂಟ್ಸ್. ಐನೂರು ಪುಟದ ಹತ್ತಿರ, ಒರಟು ಕಾಗದ, ಬಣ್ಣವೇ ಇಲ್ಲ. ಎಲ್ಲರೂ ಮೂಗು ಮುರೀತಿದ್ರು, ನಾನು ಮಾತ್ರ ಹಳೇ ಪುಸ್ತಕದ ಅಂಗಡಿಯಲ್ಲಿ ಕಂಡಾಗೆಲ್ಲ ಎತ್ಕೊಂಡೆ. ಬಣ್ಣ ಸುಳ್ಳು ಹೇಳೋದಕ್ಕಿಂತ ಬಣ್ಣ ಸುಮ್ಮನಿರೋದು ಮೇಲು ಅಲ್ವಾ?

ನನ್ನ ಪ್ರಕಾರ ಸರಿಯಾಗಿ ಮಾಡಿದ್ದು ಯಾವುದು ಅಂದ್ರೆ 2007ರಿಂದ ಡಿಸಿ ತಂದ ಕರ್ಬಿಯ ಫೋರ್ತ್ ವರ್ಲ್ಡ್ ಆಮ್ನಿಬಸ್, ನಾಲ್ಕು ಸಂಪುಟ. ಎಪ್ಪತ್ತರ ದಶಕದ ನ್ಯೂ ಗಾಡ್ಸ್, ಮಿಸ್ಟರ್ ಮಿರಾಕಲ್ ಎಲ್ಲ ಬಂದ ಕ್ರಮದಲ್ಲೇ. ಪೇಪರ್ ನ್ಯೂಸ್‌ಪ್ರಿಂಟ್ ಜಾತಿಯದೇ, ಹೊಳಪಿಲ್ಲ, ಬಿಳಿ ಅಲ್ಲ, ಆದ್ರೆ ದಪ್ಪ. ಬಂದಾಗ ಐವತ್ತು ಡಾಲರ್ ಪುಸ್ತಕಕ್ಕೆ ಪೇಪರ್ ಯಾಕೆ ಇಷ್ಟು ಚೀಪು ಅಂತ ಗೊಣಗಿದವರೂ ಇದ್ರು. ಬಣ್ಣ ನೋಡಿ ಸ್ವಾಮಿ! ಕರ್ಬಿಯ ಕೆಂಪು ಅಲ್ಲಿ ಕುಂಕುಮದ ಹಾಗೆ ಕೂತಿದೆ, ಹೊಳೆಯಲ್ಲ, ಉರಿಯುತ್ತೆ. ದಪ್ಪ ಕಪ್ಪು ಹಚ್ಚಿದ ಕಡೆ ಕಾಗದದೊಳಗೆ ಇಳಿದು ತಣ್ಣಗಿದೆ, ಮೇಲೆ ಟ್ಯೂಬ್‌ಲೈಟ್ ಕಾಣಲ್ಲ. ಅದೇ ಕಥೆಗಳು 1998ರಲ್ಲಿ ಕಪ್ಪು ಬಿಳುಪು ಬೂದು ಅಂತ ಬಂದಿದ್ವು, 2017ರಲ್ಲಿ ಎಲ್ಲ ಸೇರಿಸಿ ಒಂದೂವರೆ ಸಾವಿರ ಪುಟ ದಾಟಿದ ಒಂದೇ ಗುಡ್ಡ ಮಾಡಿದ್ರು. ಅದನ್ನ ಎದೆ ಮೇಲೆ ಇಟ್ಕೊಂಡು ಓದೋಕೆ ಹೋದ್ರೆ ಪಕ್ಕೆಲುಬಿಗೆ ಸೂಪರ್‌ಪವರ್ ಬೇಕು.

ಕಲಾವಿದನೇ ಬಂದು ಬದಲಾಯಿಸಿದ್ರೆ? ಇದು ನಂಗೆ ಇನ್ನೂ ಬಗೆಹರಿದಿಲ್ಲ. 1988ರ ಕಿಲ್ಲಿಂಗ್ ಜೋಕ್ ಅನ್ನೋ ಬ್ಯಾಟ್‌ಮ್ಯಾನ್ ಕಥೆಗೆ ಜಾನ್ ಹಿಗ್ಗಿನ್ಸ್ ಹಾಕಿದ್ದ ಬಣ್ಣ ಜಾತ್ರೆ ಲೈಟಿನ ಥರ, ಕಿತ್ತಳೆ, ನೇರಳೆ, ಹಳದಿ, ತಲೆ ಕೆಟ್ಟೋನ ಕಣ್ಣಲ್ಲಿ ನೋಡಿದ ಹಾಗೆ. 2008ರಲ್ಲಿ ಚಿತ್ರ ಬರೆದ ಬ್ರಯನ್ ಬಾಲಂಡ್ ತಾನೇ ಕೂತು ಪೂರ್ತಿ ಬಣ್ಣ ಬದಲಾಯಿಸಿದ. ಹಳೇ ನೆನಪಿನ ದೃಶ್ಯಗಳು ಹೆಚ್ಚು ಕಮ್ಮಿ ಕಪ್ಪು ಬಿಳುಪು, ಒಂದೇ ಒಂದು ವಸ್ತು ಮಾತ್ರ ಕೆಂಪು. ಚೆನ್ನಾಗಿದೆ, ಅಚ್ಚುಕಟ್ಟು, ಅವನದೇ ಚಿತ್ರ, ಬೇಡ ಅನ್ನೋಕೆ ನಾನ್ಯಾರು? ಆದ್ರೂ ಹಿಗ್ಗಿನ್ಸ್‌ದು ಕೆಲಸ ಅಲ್ವಾ? ಚಿತ್ರ ಬರೆಯೋ ನೀಲ್ ಆಡಮ್ಸ್ 2003ರಿಂದ ಬಂದ ಬ್ಯಾಟ್‌ಮ್ಯಾನ್ ಸಂಪುಟಗಳಲ್ಲಿ ಬಣ್ಣ ಮಾತ್ರ ಅಲ್ಲ, ತನ್ನ ಹಳೇ ಗೆರೇನೂ ತಿದ್ದಿದ. ಅಲ್ಲಿ ನಂಗೆ ಅನುಮಾನ ಇಲ್ಲ, ಹಳೇದೇ ಚೆನ್ನಾಗಿತ್ತು.

ಬೈಂಡಿಂಗ್ ಬಗ್ಗೆ ಎರಡೇ ಮಾತು. 2005ರಲ್ಲಿ ಫೆಂಟಾಸ್ಟಿಕ್ ಫೋರ್‌ನಿಂದ ಮಾರ್ವೆಲ್ ಆಮ್ನಿಬಸ್ ಶುರುವಾಯ್ತು, ಮೊದಲ ಸಂಪುಟದಲ್ಲೇ 30 ಸಂಚಿಕೆ. ಇಷ್ಟು ದಪ್ಪ ಪುಸ್ತಕಕ್ಕೆ ಫಾರಂ ಫಾರಂ, ಅಂದ್ರೆ ಮಡಿಚಿದ ಹಾಳೆಯ ಒಂದೊಂದು ಕಟ್ಟನ್ನೂ, ದಾರದಲ್ಲಿ ಹೊಲೀಬೇಕು, ಬರೀ ಗಮ್ಮಲ್ಲಿ ಅಂಟಿಸಿದ್ರೆ ಎರಡು ಪುಟ ಸೇರಿ ಬರೆದ ದೊಡ್ಡ ಚಿತ್ರದ ಮಧ್ಯಭಾಗ ಬಾವಿಗೆ ಬೀಳುತ್ತೆ. ಒಬ್ಬ ಪ್ರಕಾಶಕರದು, ಹೆಸರು ಬೇಡ, ಆರು ಸಾವಿರ ಕೊಟ್ಟು ತರಿಸಿದ್ದೆ, ಎರಡನೇ ಸಲ ತೆರೆದಾಗ ಪಟ್ ಅಂತು, ಬೆನ್ನು ಬಿಟ್ಕೊಂಡು ನಲವತ್ತು ಪುಟ ಮಡಿಲಿಗೆ. ಅದನ್ನ ನಮ್ಮ ಪ್ರೆಸ್ಸಿನ ಬೈಂಡರ್ ಅಣ್ಣ ನೂರೈವತ್ತು ರೂಪಾಯಿಗೆ ಹೊಲಿದು ಕೊಟ್ರು, ಈಗ ಅದೊಂದೇ ನನ್ನ ಶೆಲ್ಫಲ್ಲಿ ಪೂರ್ತಿ ಚಪ್ಪಟೆಯಾಗಿ ತೆರ್ಕೊಳ್ಳೋದು.

ನಮ್ಮ ಕಡೆ ಕಥೆ ಒಂದು ಹೇಳಿ ಮುಗಿಸ್ತೀನಿ. ಇಲ್ಲಿ ನಲವತ್ತು ದಾಟಿದವರಿಗೆ ಇಂದ್ರಜಾಲ ಕಾಮಿಕ್ಸ್ ನೆನಪಿರಬೇಕು, 1964ರಿಂದ 1990ರವರೆಗೆ ಬಂತು, ಕನ್ನಡದಲ್ಲೂ ಬರ್ತಿತ್ತು, ಫ್ಯಾಂಟಮ್, ಮಾಂಡ್ರೇಕ್. ಫ್ಯಾಂಟಮ್ 1936ರಲ್ಲಿ ಪೇಪರ್‌ನಲ್ಲಿ ಶುರುವಾದಾಗ ಕಪ್ಪು ಬಿಳುಪು, ಅವನನ್ನ ಸೃಷ್ಟಿಸಿದ ಲೀ ಫಾಕ್ ಮನಸಲ್ಲಿ ಅವನ ಬಟ್ಟೆ ಬೂದು ಬಣ್ಣ. 1939ರಲ್ಲಿ ಭಾನುವಾರದ ಕಲರ್ ಪುಟ ಬಂದಾಗ ನೇರಳೆ ಆಗೋಯ್ತು. ಇಟಲಿಯಲ್ಲಿ ಅವನು ಕೆಂಪು, ಸ್ವೀಡನ್ ಕಡೆ ನೀಲಿ. ನೋಡಿ, ಮತ್ತೆ ಬೂದು ಬಣ್ಣವೇ ಪ್ರಿಂಟಿಂಗ್‌ಗೆ ಬಲಿ. ಒಂದು ಬೂದು ಹಸಿರಾಯ್ತು, ಒಂದು ನೇರಳೆ ಆಯ್ತು, ಎರಡನ್ನೂ ಇವತ್ತು ಯಾರಾದ್ರೂ "ಸರಿ ಮಾಡಿ" ಬೂದು ಪ್ರಿಂಟ್ ಮಾಡಿದ್ರೆ ಮೊದಲು ಗಲಾಟೆ ಮಾಡೋನೇ ನಾನು.

ಪ್ರಶ್ನೆ ಕೇಳಿ ಅಂದಾಗ ಒಬ್ಬರು ಮೇಡಮ್, ಮಗನಿಗೆ ಯಾವುದು ಕೊಡಿಸ್ಲಿ ಅಂದ್ರು. ಹತ್ತು ವರ್ಷದ ಹುಡುಗನಿಗೆ ಮೈಟಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್ ಅಂತ 2021ರಿಂದ ಚಿಕ್ಕ ಸೈಜಲ್ಲಿ ಬರ್ತಿದೆ, ಸ್ಕೂಲ್ ಬ್ಯಾಗಿಗೆ ಹಿಡಿಯುತ್ತೆ, ಹರಿದು ಹೋದ್ರೆ ಹೋಗ್ಲಿ. ಮೊಬೈಲಲ್ಲಿ ಓದಿದ್ರೆ ಆಗಲ್ವಾ ಅಂತ ಇನ್ನೊಬ್ಬರು. ಆಗುತ್ತೆ, ಆದ್ರೆ ಅಲ್ಲಿ ಹಿಂದಿನಿಂದ ಬೆಳಕು ಬರುತ್ತೆ, ಆ ಮಾಸ್ಟರ್‌ವರ್ಕ್ಸ್ ಹೊಳಪಿಗಿಂತ ಜಾಸ್ತಿ ಕಣ್ಣಿಗೆ ಹೊಡೆಯುತ್ತೆ, ಬ್ರೈಟ್‌ನೆಸ್ ಇಳಿಸಿ ನೈಟ್ ಮೋಡ್ ಹಳದಿ ಹಾಕ್ಕೊಳ್ಳಿ, ಸ್ವಲ್ಪ ನ್ಯೂಸ್‌ಪ್ರಿಂಟ್ ಥರ ಆಗುತ್ತೆ. ನಕ್ಕರು, ನಾನು ತಮಾಷೆಗೆ ಹೇಳಿದ್ದಲ್ಲ.

ಕೊನೆಗೆ ಪುಸ್ತಕ ಎಣಿಸಿದ್ರೆ ಎರಡೇ ಇದೆ. ಆಮ್ನಿಬಸ್ಸು ಎರಡನೇ ಸಾಲಲ್ಲೇ ಭಾರ ಅಂತ ಕುರ್ಚಿ ಮೇಲೆ ಇಟ್ಬಿಟ್ಟಿದ್ರು, ಮಾಸ್ಟರ್‌ವರ್ಕ್ಸ್ ಹಾಲೆಲ್ಲ ಸುತ್ತಿ ಬಂದಿತ್ತು. ತೆಳ್ಳಗಿನ ಫ್ಯಾಕ್ಸಿಮಿಲಿ ಕಾಣ್ತಿಲ್ಲ. ಹುಡುಕಿದ್ರೆ ಹಿಂದಿನ ಸಾಲಲ್ಲಿ ಒಬ್ಬ ಹುಡುಗ ಅದರೊಳಗೆ ಮುಖ ಹುದುಗಿಸ್ಕೊಂಡಿದಾನೆ. ಕಥೆ ಓದ್ತಿಲ್ಲ. ದೊಡ್ಡ ಸಂಪುಟಗಳಲ್ಲಿ ಕಿತ್ತು ಹಾಕೋ ಹಳೇ ಜಾಹೀರಾತುಗಳು ಇದರಲ್ಲಿ ಹಾಗೇ ಇರ್ತಾವಲ್ಲ, ಅವನ್ನ ಓದ್ತಿದ್ದ. ತಲೆ ಎತ್ತಿ ಕೇಳ್ದ, "ಅಂಕಲ್, ಈ ಕೂಪನ್ ಕತ್ತರಿಸಿ ಕಳಿಸಿದ್ರೆ ಈಗ್ಲೂ ಕೊಡ್ತಾರಾ?"